ಮಂಗಳವಾರ ಸಿಕ್ಕ ಭಾನುವಾರ

ಜೂನ್ ತಿಂಗಳು ಬಂತೆಂದರೆ ವಾಟ್ಸಾಪ್ ಗುಂಪುಗಳಲ್ಲಿ ಒಂದು ಸಂದೇಶ ಸುತ್ತತೊಡಗುತ್ತದೆ: ಭಾರತದಲ್ಲಿ ಮೊದಲ ಭಾನುವಾರದ ರಜೆ ಸಿಕ್ಕಿದ್ದು 1890ರ ಜೂನ್ 10ರಂದು, ಕೊಡಿಸಿದವರು ನಾರಾಯಣ ಮೇಘಾಜಿ ಲೋಖಂಡೆ. ಹಳೆಯ ವರ್ಷಗಳ ಕ್ಯಾಲೆಂಡರ್ ತೋರಿಸುವ ಯಾವುದಾದರೂ ಜಾಲತಾಣದಲ್ಲಿ ಆ ದಿನಾಂಕ ಹಾಕಿ ನೋಡಿದರೆ ಒಂದು ತಮಾಷೆ ಕಾಣುತ್ತದೆ. ಅಂದು ಮಂಗಳವಾರ!

ಹಾಗಂತ ಸಂದೇಶ ಪೂರ್ತಿ ಸುಳ್ಳಲ್ಲ. ಆ ಮಂಗಳವಾರ ಮುಂಬೈನ ಗಿರಣಿ ಮಾಲೀಕರ ಸಂಘ ಸಭೆ ಸೇರಿ, ಭಾನುವಾರ ಕಾರ್ಮಿಕರಿಗೆ ರಜೆ ಕೊಡಲು ಒಪ್ಪಿಕೊಂಡಿತು. ಸರ್ಕಾರಿ ಕಚೇರಿಗಳಿಗೆ, ನ್ಯಾಯಾಲಯಗಳಿಗೆ ಅದಕ್ಕೂ ಮುಂಚಿನಿಂದಲೇ ಭಾನುವಾರದ ಬಿಡುವು ಇತ್ತು. ಇಲ್ಲದಿದ್ದದ್ದು ಮಗ್ಗದ ಮುಂದೆ ನಿಂತವರಿಗೆ.

ಲೋಖಂಡೆ ಹುಟ್ಟಿದ್ದು 1848ರಲ್ಲಿ, ಠಾಣೆಯಲ್ಲಿ. ಅದಾಗಿ ಐದು ವರ್ಷಕ್ಕೆ ಆ ಊರಿಗೆ ದೇಶದ ಮೊದಲ ಪ್ರಯಾಣಿಕರ ರೈಲು ಬಂತು. 1853ರ ಏಪ್ರಿಲ್ 16ರ ಮಧ್ಯಾಹ್ನ ಬೋರಿ ಬಂದರಿನಿಂದ ಹೊರಟ 14 ಡಬ್ಬಿಗಳ ಗಾಡಿಯಲ್ಲಿ ಸುಮಾರು 400 ಅತಿಥಿಗಳಿದ್ದರು. ದೂರ 34 ಕಿಲೋಮೀಟರ್. ಅಂದು ಯಾವ ವಾರ ಎಂದು ಹುಡುಕಿದರೆ, ಶನಿವಾರ. ಅಂದರೆ ಆಹ್ವಾನಿತರ ಪಾಲಿಗೆ ಈಗಿನ ಮಾತಿನಲ್ಲಿ ಅದೊಂದು ವೀಕೆಂಡ್ ಪ್ರವಾಸ.

ಅದೇ ಮುಂಬೈನಲ್ಲಿ ಎದ್ದ ಬಟ್ಟೆ ಗಿರಣಿಗಳಲ್ಲಿ ವೀಕೆಂಡ್ ಎಂಬುದೇ ಇರಲಿಲ್ಲ. ಬೆಳಕು ಹರಿದಾಗ ಶುರುವಾದ ಕೆಲಸ ಕತ್ತಲಾದಾಗ ನಿಲ್ಲುತ್ತಿತ್ತು. ರಜೆಯೆಂದರೆ ವರ್ಷದಲ್ಲಿ ಬೆರಳೆಣಿಕೆಯ ಹಬ್ಬಗಳು. ಭಾನುವಾರ ಯಂತ್ರ ನಿಂತರೂ ಅದನ್ನು ಒರೆಸಿ ಶುಚಿ ಮಾಡುವ ಕೆಲಸ ಕಾರ್ಮಿಕರ ತಲೆಗೇ ಬರುತ್ತಿತ್ತು. 1881ರ ಕಾರ್ಖಾನೆ ಕಾನೂನು ಮಕ್ಕಳಿಗೆ ತಿಂಗಳಿಗೆ ನಾಲ್ಕು ರಜೆ ಕೊಟ್ಟಿತು. ದೊಡ್ಡವರ ಸುದ್ದಿಯೇ ಅದರಲ್ಲಿರಲಿಲ್ಲ.

ಮೆಟ್ರಿಕ್ಯುಲೇಷನ್ ಓದಿ ಗಿರಣಿಯೊಂದರ ಉಗ್ರಾಣ ನೋಡಿಕೊಳ್ಳುತ್ತಿದ್ದ ಲೋಖಂಡೆ ಇದನ್ನೆಲ್ಲ ಹತ್ತಿರದಿಂದ ಕಂಡವರು. ಜೋತಿರಾವ್ ಫುಲೆಯವರ ಒಡನಾಡಿ. 1880ರಿಂದ ‘ದೀನಬಂಧು’ ಪತ್ರಿಕೆಯ ಸಂಪಾದಕ. 1884ರ ಸೆಪ್ಟೆಂಬರಿನಲ್ಲಿ ಅವರು ಕಾರ್ಮಿಕರ ಸಭೆ ಕರೆದರು. ಸುಮಾರು 5,500 ಜನರ ಸಹಿಯೊಂದಿಗೆ ಮನವಿ ಸಿದ್ಧವಾಯಿತು. ಭಾನುವಾರ ಪೂರ್ತಿ ಬಿಡುವು, ಮಧ್ಯಾಹ್ನ ಅರ್ಧ ಗಂಟೆ ವಿರಾಮ, ಸಂಬಳ ಮುಂದಿನ ತಿಂಗಳ 15ರೊಳಗೆ, ಗಾಯವಾದವರಿಗೆ ಪರಿಹಾರ: ಇಷ್ಟೇ ಬೇಡಿಕೆ. ಆರು ವರ್ಷ ಕಳೆಯಿತು. 1890ರ ಏಪ್ರಿಲ್ 24ರಂದು ಸುಮಾರು 10,000 ಕಾರ್ಮಿಕರು ಮೈದಾನದಲ್ಲಿ ಸೇರಿದರು. ಇಬ್ಬರು ಹೆಂಗಸರೂ ಎದ್ದು ಮಾತಾಡಿದರು. ಜೂನಿನಲ್ಲಿ ಮಾಲೀಕರು ಒಪ್ಪಿದರು. ಮರುವರ್ಷದ ಕಾನೂನು ವಾರದ ರಜೆಯನ್ನು ಎಲ್ಲ ಕಾರ್ಖಾನೆ ಕಾರ್ಮಿಕರಿಗೂ ವಿಸ್ತರಿಸಿತು.

ಭಾನುವಾರವೇ ಏಕೆ? ಚರ್ಚಿನ ವಾರ ಎಂಬ ಉತ್ತರ ಆಳುವವರ ಪಾಲಿಗೆ ಸರಿ. ಆದರೆ ಘಟ್ಟದ ಮೇಲಿನ ಊರುಗಳಿಂದ ಗಿರಣಿಗೆ ಬಂದವರಿಗೆ ಅದು ಜೇಜುರಿಯ ಖಂಡೋಬನ ವಾರವೂ ಹೌದು. ಖಂಡೋಬನೆಂದರೆ ಕನ್ನಡಿಗರ ಮೈಲಾರಲಿಂಗ. ಹೂವಿನಹಡಗಲಿ ಕಡೆಯವರಿಗೆ, ಗೊರವರ ಕುಣಿತ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇಂದಿನ ಭಾನುವಾರ ಹೇಗಿದೆ ಎಂದು ನೋಡಲು ಲೋಖಂಡೆಯವರ ಠಾಣೆಯ ನೌಪಾಡಾ ಸಾಕು. ಬೆಳಿಗ್ಗೆ ಮಿಸಳ್ ಅಂಗಡಿಗಳ ಮುಂದೆ ಜನ, ಸಂಜೆ ಗೋಖಲೆ ರಸ್ತೆ, ರಾಮ ಮಾರುತಿ ರಸ್ತೆಗಳಲ್ಲಿ ಖರೀದಿಯ ಗದ್ದಲ. ಮಗ್ಗುಲಲ್ಲೇ ಮಾಸುಂದಾ ಕೆರೆಯ ದಡದಲ್ಲಿ 1978ರಿಂದ ನಿಂತಿರುವ ಗಡಕರಿ ರಂಗಾಯತನ. ಮರಾಠಿ ನಾಟಕದವರಿಗೆ ಶನಿವಾರ, ಭಾನುವಾರವೇ ಸುಗ್ಗಿ. ಮುಂಬೈ ಸುತ್ತಿನ ಕನ್ನಡ ಸಂಘಗಳ ಕಾರ್ಯಕ್ರಮಗಳಿಗೂ ಭಾನುವಾರವೇ ಬೇಕು. ಉಳಿದ ದಿನ ಲೋಕಲ್ ರೈಲಿನಿಂದ ಇಳಿದು ಮನೆ ಸೇರುವಷ್ಟರಲ್ಲಿ ರಾತ್ರಿಯಾಗಿರುತ್ತದೆ. 2020ರ ಫೆಬ್ರವರಿ ಕೊನೆಯಿಂದ ಮಹಾರಾಷ್ಟ್ರದ ಸರ್ಕಾರಿ ನೌಕರರಿಗೆ ಎಲ್ಲ ಶನಿವಾರಗಳೂ ರಜೆ.

ಈ ಬಿಡುವನ್ನು ನಡೆಸಿಕೊಡುವವರು ಮಾತ್ರ ಅಂದು ಕೆಲಸದಲ್ಲಿರುತ್ತಾರೆ. ಮಿಸಳ್ ಬಡಿಸುವ ಹುಡುಗ, ಪರದೆ ಎಳೆಯುವವರು, ಬೈಕಿನಲ್ಲಿ ಊಟ ತಲುಪಿಸುವವರು. ಭಾನುವಾರದ ಮೆಗಾ ಬ್ಲಾಕಿನಲ್ಲಿ ಲೋಕಲ್ ಗಾಡಿಗಳು ಕಡಿಮೆಯಾದಾಗ ಹಳಿಯ ಮೇಲೆ ದುರಸ್ತಿಗೆ ಇಳಿಯುವವರನ್ನು ಕಂಡರೆ, ಯಂತ್ರ ನಿಂತ ದಿನ ಅದನ್ನು ಒರೆಸುತ್ತಿದ್ದ ಗಿರಣಿ ಕಾರ್ಮಿಕರ ನೆನಪಾಗದೆ ಇರದು.

ಕಾನೂನೂ ಬದಲಾಗಿದೆ. 1948ರ ಕಾಯ್ದೆಯಲ್ಲಿ ಅಂಗಡಿಯೇ ವಾರಕ್ಕೊಂದು ದಿನ ಬಾಗಿಲು ಹಾಕಬೇಕಿತ್ತು. ಮಹಾರಾಷ್ಟ್ರದ 2017ರ ಕಾಯ್ದೆಯಂತೆ ಅಂಗಡಿ ವರ್ಷದ 365 ದಿನವೂ ತೆರೆದಿರಬಹುದು, ರಜೆ ಸರದಿಯಂತೆ ಕೆಲಸಗಾರನಿಗೆ. ಕಾಯ್ದೆ ಬಂದಾಗ ಅದೂ ಮುಖ್ಯವಾಗಿ ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆ ಇತ್ತು. ನಾಲ್ಕೈದು ಹುಡುಗರ ಚಹಾದಂಗಡಿ ಈ ಲೆಕ್ಕಕ್ಕೆ ಬರುವುದಿಲ್ಲ.

ಸರದಿ ರಜೆಯಲ್ಲಿ ನಿದ್ದೆಗೆ ಕೊರತೆಯಿಲ್ಲ, ದಣಿದ ಮೈಗೆ ಅದೂ ದೊಡ್ಡದೇ. ಆದರೆ ಗಂಡನಿಗೆ ಬುಧವಾರ, ಹೆಂಡತಿಗೆ ಶುಕ್ರವಾರ, ಮಕ್ಕಳಿಗೆ ಭಾನುವಾರ ರಜೆ ಬಂದರೆ ಆ ಮನೆಯವರು ಒಟ್ಟಿಗೆ ನಾಟಕಕ್ಕೆ ಹೋಗುವುದು ಯಾವಾಗ? 1884ರ ಮನವಿ ಕೇಳಿದ್ದು ಬರೀ ವಾರಕ್ಕೊಂದು ದಿನವನ್ನಲ್ಲ. ಎಲ್ಲರಿಗೂ ಒಂದೇ ದಿನವನ್ನು. ಜಾತ್ರೆಗೂ, ಆಟಕ್ಕೂ, ಸಂಘದ ಸಭೆಗೂ ಬೇಕಾದದ್ದು ಆ ಒಂದೇ ದಿನ.