ಒಂದೇ ಲೋಟ ನೀರಿನಲ್ಲಿ ಎರಡು ಮಾತ್ರೆ

ಬೆಳಗ್ಗೆ ಥೈರಾಯ್ಡ್ ಮಾತ್ರೆ, ಅದರ ಜೊತೆಗೇ ರಕ್ತ ಹೆಚ್ಚಲೆಂದು ಕಬ್ಬಿಣಾಂಶದ ಮಾತ್ರೆ, ಮೂಳೆಗೆಂದು ಕ್ಯಾಲ್ಸಿಯಂ. ನಮ್ಮ ಅನೇಕ ಮನೆಗಳಲ್ಲಿ ಮಹಿಳೆಯರು ಇವನ್ನು ಒಂದೇ ಲೋಟ ನೀರಿನಲ್ಲಿ ನುಂಗುತ್ತಾರೆ. ಒಟ್ಟಿಗೆ ತೆಗೆದುಕೊಂಡರೆ ಮರೆಯುವುದಿಲ್ಲವೆಂದು ನಾವೇ ಹೇಳಿರುವುದೂ ಉಂಟು. ಹಾಗೆ ಹೇಳಬಾರದಿತ್ತೆಂಬುದು ವೈದ್ಯಲೋಕಕ್ಕೇ ತಡವಾಗಿ ತಿಳಿಯಿತು.

ಈ ಔಷಧಿಯ ಚರಿತ್ರೆ ಕುರಿಯಿಂದ ಆರಂಭವಾಗುತ್ತದೆ. 1891ರಲ್ಲಿ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ಜಾರ್ಜ್ ಮರ್ರೆ ಎಂಬ ಯುವ ವೈದ್ಯರು, ಥೈರಾಯ್ಡ್ ಕ್ಷೀಣಿಸಿ ಬಳಲುತ್ತಿದ್ದ 46ರ ಮಹಿಳೆಯೊಬ್ಬರಿಗೆ ಕುರಿಯ ಗ್ರಂಥಿಯ ಸಾರವನ್ನು ಚುಚ್ಚಿದರು. ಆಕೆ ಚೇತರಿಸಿಕೊಂಡು ಇನ್ನೂ 28 ವರ್ಷ ಬದುಕಿದರು. ಅದಕ್ಕೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿಗಳು ಬೇಕಾದವು! 1914ರಲ್ಲಿ ಅಮೆರಿಕದ ಎಡ್ವರ್ಡ್ ಕೆಂಡಾಲ್ ಗ್ರಂಥಿಯಿಂದ ಥೈರಾಕ್ಸಿನ್ನನ್ನು ಬೇರ್ಪಡಿಸಿದರು. 1927ರಲ್ಲಿ ಹ್ಯಾರಿಂಗ್ಟನ್ ಮತ್ತು ಬಾರ್ಜರ್ ಅದನ್ನು ಪ್ರಯೋಗಾಲಯದಲ್ಲೇ ತಯಾರಿಸಿದರು. ಇಂದಿನ ಲೀವೋಥೈರಾಕ್ಸಿನ್ ಮಾತ್ರೆಯೂ ಹೀಗೆ ಕೃತಕವಾಗಿ ತಯಾರಾಗುವಂಥದ್ದೇ.

ಇತ್ತ ನಮ್ಮ ದೇಶದಲ್ಲಿ 1970ರಿಂದ ರಕ್ತಹೀನತೆ ತಡೆಯಲು ಸರಕಾರವೇ ಗರ್ಭಿಣಿಯರಿಗೆ ಕಬ್ಬಿಣಾಂಶದ ಮಾತ್ರೆ ಹಂಚತೊಡಗಿತು. ಇದು ಅಗತ್ಯವಾದ ಕೆಲಸವೇ. ಆದರೆ ಈ ಎರಡು ಔಷಧಿಗಳು ಹೊಟ್ಟೆಯಲ್ಲಿ ಜೊತೆಯಾದರೆ ಏನಾಗುತ್ತದೆಂದು ಯಾರೂ ಸರಿಯಾಗಿ ಪರೀಕ್ಷಿಸಿರಲಿಲ್ಲ. 1992ರಲ್ಲಿ ಕೆನಡಾದ ವೈದ್ಯರು 14 ಮಂದಿಗೆ 12 ವಾರ ಎರಡನ್ನೂ ಒಟ್ಟಿಗೆ ಕೊಟ್ಟು ನೋಡಿದರು. ಟಿಎಸ್‌ಎಚ್ ಸರಾಸರಿ 1.6ರಿಂದ 5.4ಕ್ಕೇರಿತು. ಕಬ್ಬಿಣವು ಥೈರಾಕ್ಸಿನ್‌ಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ತಡೆದಿತ್ತು. 2000ದಲ್ಲಿ ಕ್ಯಾಲ್ಸಿಯಂ ಮೇಲೂ ಅದೇ ಆರೋಪ ಸಾಬೀತಾಯಿತು.

ಅದಕ್ಕೆ ಮೊದಲು ಎಷ್ಟು ಮಹಿಳೆಯರು ಮಾತ್ರೆ ನುಂಗಿಯೂ ಸುಸ್ತಿನಿಂದ ನರಳಿರಬೇಕು! 'ಸರಿಯಾಗಿ ತೆಗೆದುಕೊಳ್ಳುತ್ತಿಲ್ಲ' ಎಂಬ ಬೈಗುಳವನ್ನೂ ಕೇಳಿರಬೇಕು.

ಹಾಗೆಂದು ಕಬ್ಬಿಣಾಂಶದ ಮಾತ್ರೆ ಬಿಡುವಂತಿಲ್ಲ. ಥೈರಾಯ್ಡ್ ಗ್ರಂಥಿ ತನ್ನ ಹಾರ್ಮೋನು ತಯಾರಿಸಲು ಕಬ್ಬಿಣ ಬೇಕೇ ಬೇಕು. ಬೇಕಿರುವುದು ನಾಲ್ಕು ಗಂಟೆಗಳ ಅಂತರ ಮಾತ್ರ. ಥೈರಾಯ್ಡ್ ಮಾತ್ರೆಯನ್ನು ಖಾಲಿ ಹೊಟ್ಟೆಯಲ್ಲಿ, ಬರೀ ನೀರಿನೊಂದಿಗೆ ತೆಗೆದುಕೊಳ್ಳಬೇಕು. ತಿಂಡಿ, ಚಹಾ ಎಲ್ಲ ಅರ್ಧ ಗಂಟೆಯಿಂದ ಒಂದು ಗಂಟೆಯ ನಂತರ. ಕೂದಲಿಗೆಂದು ತೆಗೆದುಕೊಳ್ಳುವ ಬಯೋಟಿನ್ ಮಾತ್ರೆಯದ್ದು ಬೇರೆಯದೇ ತಂಟೆ. ಅದು ರಕ್ತಪರೀಕ್ಷೆಯ ಅಂಕಿಗಳನ್ನೇ ತಪ್ಪಿಸಬಲ್ಲದೆಂದು 2017ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಚ್ಚರಿಸಿತು. ಆದ್ದರಿಂದ ಪರೀಕ್ಷೆಗೆ ಮುನ್ನ ಅದನ್ನು ವೈದ್ಯರಿಗೆ ಹೇಳಬೇಕು.

ಈವರೆಗೆ ಒಟ್ಟಿಗೆ ನುಂಗುತ್ತಿದ್ದವರು ಅಂತರ ಆರಂಭಿಸಿದ ಆರೆಂಟು ವಾರಗಳಲ್ಲಿ ಟಿಎಸ್‌ಎಚ್ ಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು. ಹಿಂದೆ ಏರಿಸಿದ ಪ್ರಮಾಣ ಈಗ ಅತಿಯಾಗಬಹುದು. ಉಪವಾಸ ಹಿಡಿಯುವವರು ರಮಝಾನಿಗೆ ಮುಂಚೆಯೇ ವೈದ್ಯರಲ್ಲಿ ಸಮಯ ಗೊತ್ತು ಮಾಡಿಕೊಳ್ಳಲಿ. ಇಫ್ತಾರಿನಿಂದ ಸಹ್ರಿಯವರೆಗಿನ ಒಂದು ರಾತ್ರಿಯಲ್ಲೇ ಎಲ್ಲ ಮಾತ್ರೆಗಳಿಗೂ ಜಾಗ ಹುಡುಕಬೇಕಾಗುತ್ತದೆ.