ಕತ್ತರಿಸುವ ಮೊದಲೇ ಅಳೆಯಬೇಕಾದ ಕಾಲು

ವಾಹನದ ಚಕ್ರಕ್ಕೋ ಬೇಟೆಯ ಉರುಳಿಗೋ ಸಿಕ್ಕಿ ನಾಯಿಯ ಪಾದವೊಂದು ಜಜ್ಜಿಹೋದರೆ, ಪಶುವೈದ್ಯರು ಬಹುಕಾಲ ಇಡೀ ಕಾಲನ್ನೇ ಭುಜದ ಬಳಿಯೋ ತೊಡೆಯ ಮೇಲ್ಭಾಗದಲ್ಲೋ ತೆಗೆದುಬಿಡುತ್ತಿದ್ದರು. ಅದಕ್ಕೆ ಕಾರಣವಿತ್ತು. ಮೋಟುಗಾಲು ಉಳಿದರೆ ನಾಯಿ ಅದನ್ನೇ ನೆಲಕ್ಕೆ ಊರಲು ಹೋಗುತ್ತದೆ. ತೆಳು ಚರ್ಮ ಹರಿದು ಹುಣ್ಣಾಗುತ್ತದೆ, ಸೋಂಕು ಮೂಳೆಗೂ ಇಳಿಯಬಹುದು. ಮೂರು ಕಾಲಲ್ಲಿ ಓಡಾಡಲು ನಾಯಿ ಬೇಗ ಕಲಿಯುತ್ತದೆ ಎಂಬ ಸಮಾಧಾನವೂ ಇತ್ತು.

ಈ ಸಮಾಧಾನ ಎಲ್ಲ ನಾಯಿಗಳಿಗೂ ಹೊಂದುವುದಿಲ್ಲ. ನಾಯಿಯ ತೂಕದಲ್ಲಿ ಶೇ. 60ರಷ್ಟು ಬೀಳುವುದು ಮುಂಗಾಲುಗಳ ಮೇಲೆ. ಒಂದು ಮುಂಗಾಲು ಹೋದರೆ ಇನ್ನೊಂದೇ ಹತ್ತಿರಹತ್ತಿರ ಅರ್ಧ ಮೈಭಾರ ಹೊರಬೇಕು. ಹಿಂಗಾಲು ಕಳೆದುಕೊಂಡ ಹಗುರ ನಾಯಿಗೆ ಕೃತಕ ಕಾಲು ಬೇಕೇ ಬೇಕೆಂದು ನಾನು ಹೇಳಲಾರೆ. ದಪ್ಪ ಮೈಯ, ಕೀಲುನೋವಿನ ಲ್ಯಾಬ್ರಡಾರ್‌ನ ಮುಂಗಾಲಾದರೆ ಮಾತು ಬೇರೆ.

ಮನುಷ್ಯರ ವಿಷಯದಲ್ಲಿ ನಮ್ಮ ದೇಶ ಮುಂದೆಯೇ ಇತ್ತು. ಡಾ. ಪಿ.ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ 1960ರ ದಶಕದ ಕೊನೆಯಲ್ಲಿ ರೂಪಿಸಿದ ಜೈಪುರ ಕಾಲು ಬರಿಗಾಲಲ್ಲಿ ನಡೆಯುವವರಿಗೂ, ನೆಲದ ಮೇಲೆ ಕೂರುವವರಿಗೂ ಒದಗಿತು. ಅದೇ ಜೈಪುರದ ಪಶುವೈದ್ಯ ಡಾ. ತಪೇಶ್ ಮಾಥುರ್ ಈಗ ದನ, ನಾಯಿಗಳಿಗೂ ಕೃತಕ ಕಾಲು ಮಾಡಿಕೊಡುತ್ತಾರೆ. ಮೊದಲು ಕಾಲು ಪಡೆದ ಕರುವಿನ ಹೆಸರಿನಲ್ಲೇ ಅದಕ್ಕೆ ‘ಕೃಷ್ಣಾ ಲಿಂಬ್’ ಎಂಬ ಹೆಸರು.

ಅಮೆರಿಕದಲ್ಲಿ ಇದು ಒಂದು ಕಸುಬಾಗಿ ಬೆಳೆದದ್ದು 2000ದ ನಂತರ. ಹಿಮಗಡಿತದಿಂದ ನಾಲ್ಕೂ ಪಾದ ಕಳೆದುಕೊಂಡಿದ್ದ ನಾಕಿಯೊ ಎಂಬ ನಾಯಿಗೆ ಕೊಲೊರಾಡೊದ ಆರ್ಥೊಪೆಟ್ಸ್ ಸಂಸ್ಥೆ ನಾಲ್ಕೂ ಕಾಲು ಕೊಟ್ಟಿತು. 2014ರಲ್ಲಿ, ಮುಂಗಾಲು ಸರಿಯಾಗಿ ಬೆಳೆಯದೆ ಹುಟ್ಟಿದ್ದ ಡರ್ಬಿ ಎಂಬ ನಾಯಿ ತ್ರೀಡಿ ಮುದ್ರಣದ ಬಳೆಯಾಕಾರದ ಕಾಲುಗಳಲ್ಲಿ ಓಡಿತು. ಮುದ್ರಣದಿಂದ ಆದ ದೊಡ್ಡ ಉಪಕಾರವೆಂದರೆ ಅಳತೆ ಕಂಪ್ಯೂಟರಿನಲ್ಲಿ ಉಳಿಯುವುದು. ಸವೆದರೆ, ಎತ್ತರ ಬದಲಿಸಬೇಕಾದರೆ, ಮತ್ತೆ ಮೊದಲಿನಿಂದ ಶುರುಮಾಡಬೇಕಿಲ್ಲ.

ಆದರೂ ಕೆಲಸದ ಜೀವ ಇರುವುದು ಮೋಟುಗಾಲು ಕೂರುವ ಸಾಕೆಟ್‌ನಲ್ಲಿ. ಮೋಟುಗಾಲಿಗೆ ಫೈಬರ್‌ಗ್ಲಾಸ್ ಪಟ್ಟಿ ಸುತ್ತಿ, ಗಟ್ಟಿಯಾದ ಮೇಲೆ ಸೀಳಿ ತೆಗೆದು, ಅದರೊಳಗೆ ಪ್ಲಾಸ್ಟರ್ ಸುರಿದು ಕಾಲಿನ ಪಡಿಯಚ್ಚು ತೆಗೆಯುತ್ತಾರೆ. ಆ ಅಚ್ಚಿನ ಮೇಲೆ ಕಾಯಿಸಿದ ಪ್ಲಾಸ್ಟಿಕ್ ಹಾಳೆ ಎಳೆದು ಕೂರಿಸಿ, ಒಳಗೆ ಮೆತ್ತನೆಯ ಫೋಮ್, ಹೊರಗೆ ವೆಲ್ಕ್ರೋ ಪಟ್ಟಿ, ಅಡಿಗೆ ಜಾರದ ರಬ್ಬರ್ ಅಂಟಿಸುತ್ತಾರೆ. ಕಷ್ಟವಿರುವುದು ನಾಯಿಯ ಚರ್ಮದಲ್ಲಿ: ಅದು ಮೂಳೆಯ ಮೇಲೆ ಸಡಿಲವಾಗಿ ಸರಿದಾಡುತ್ತದೆ, ಸಾಕೆಟ್ ತಿರುಗುತ್ತದೆ, ಕಳಚುತ್ತದೆ. ಮೊದಲ ದಿನ ಹತ್ತು–ಹದಿನೈದು ನಿಮಿಷ ತೊಡಿಸಿದರೆ ಸಾಕು. ನಾಯಿ ಕಾಲನ್ನು ಅಗಲಕ್ಕೆ ಎಸೆಯುತ್ತದೆ, ಕೊಡವುತ್ತದೆ, ಕಚ್ಚಲು ಬಾಗುತ್ತದೆ. ಬಿಚ್ಚಿದ ಮೇಲೆ ಚರ್ಮದ ಕೆಂಪು ಸ್ವಲ್ಪ ಹೊತ್ತಿನಲ್ಲೇ ಇಳಿಯದಿದ್ದರೆ ಸಾಕೆಟ್ ಅಲ್ಲಿ ಒತ್ತುತ್ತಿದೆ ಎಂದರ್ಥ.

ಈ ಒತ್ತಡವನ್ನೇ ತಪ್ಪಿಸಲು ಇನ್ನೊಂದು ದಾರಿ ತೆರೆಯಿತು: ಕೃತಕ ಕಾಲನ್ನು ನೇರವಾಗಿ ಮೂಳೆಗೇ ಜೋಡಿಸುವುದು. ಟೈಟಾನಿಯಂ ಮೂಳೆಯೊಂದಿಗೆ ಬೆಸೆದುಕೊಳ್ಳುತ್ತದೆ ಎಂದು ಸ್ವೀಡನ್ನಿನ ಬ್ರೋನೆಮಾರ್ಕ್ 1950ರ ದಶಕದಲ್ಲಿ ಕಂಡುಕೊಂಡರು. ಚರ್ಮವನ್ನು ಸೀಳಿ ಹೊರಬಂದರೂ ಜಿಂಕೆಯ ಕೊಂಬಿಗೆ ಸೋಂಕು ತಗಲದಿರುವುದನ್ನು ಗಮನಿಸಿ ಲಂಡನ್ನಿನ ಗಾರ್ಡನ್ ಬ್ಲನ್ ತಂಡ ಹೊಸ ಕಸಿ ರೂಪಿಸಿತು. 2009ರಲ್ಲಿ ಪಶುವೈದ್ಯ ನೋಯೆಲ್ ಫಿಟ್ಜ್‌ಪ್ಯಾಟ್ರಿಕ್ ಅದನ್ನು ಆಸ್ಕರ್ ಎಂಬ ಬೆಕ್ಕಿನ ಎರಡೂ ಹಿಂಗಾಲಿಗೆ ಕೂರಿಸಿದರು. ಸೋಂಕಿನ ಭಯ ಇನ್ನೂ ಪೂರ್ತಿ ಹೋಗಿಲ್ಲ, ಖರ್ಚೂ ವಿಪರೀತ.

ಹೀಗಾಗಿ ತೊಡಿಸುವ ಕಾಲೇ ಇವತ್ತಿಗೂ ಹೆಚ್ಚಿನವರ ಆಯ್ಕೆ. ಅದು ನಿಲ್ಲಬೇಕಾದರೆ ಮೊಣಕೈ ಅಥವಾ ಹಿಮ್ಮಡಿಯ ಕೀಲಿನ ಸುತ್ತ ಹಿಡಿತಕ್ಕೆ ಸಾಕಷ್ಟು ಉದ್ದದ ಮೋಟು ಬೇಕು. ಪಾದವಷ್ಟೇ ಹೋದ ನಾಯಿಗೆ ಅದು ಇದ್ದೇ ಇರುತ್ತದೆ. ಭುಜದವರೆಗೆ ಕತ್ತರಿಸಿದ ಮೇಲೆ ಯಾವ ಯಂತ್ರವೂ ಅದನ್ನು ಮರಳಿ ಕೊಡಲಾರದು. ಆದ್ದರಿಂದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮೊದಲೇ, “ಡಾಕ್ಟ್ರೇ, ಎಷ್ಟು ಕಾಲು ಉಳಿಸಬಹುದು?” ಎಂದು ಕೇಳಬೇಕು. ಕ್ಯಾನ್ಸರ್ ಇದ್ದರೆ, ಕೊಳೆತಿದ್ದರೆ ಏನೂ ಉಳಿಸಲಾಗದು ಎಂಬ ಉತ್ತರ ಬರಬಹುದು. ಆಗ ಅದನ್ನು ಒಪ್ಪಿಕೊಳ್ಳಬೇಕು.

ಬೀದಿನಾಯಿಗಾದರೆ ಇನ್ನೂ ಒಂದು ಪ್ರಶ್ನೆಯಿದೆ: ರಾತ್ರಿ ಕಾಲು ಬಿಚ್ಚಿ, ಚರ್ಮ ಒರೆಸಿ, ಬೆಳಿಗ್ಗೆ ಮತ್ತೆ ಕಟ್ಟುವವರು ಯಾರು? ಮಳೆಯಲ್ಲಿ ನೆನೆದ ಸಾಕೆಟ್ ದಿನಗಟ್ಟಲೆ ಕಾಲಿನಲ್ಲೇ ಉಳಿದರೆ ಹುಣ್ಣು ಖಂಡಿತ. ಅಂಥ ನಾಯಿಗೆ ಮೊದಲು ಹುಡುಕಬೇಕಾದದ್ದು ಸಾಕಿಕೊಳ್ಳುವ ಮನೆಯನ್ನು, ಆಮೇಲೆ ಕಾಲನ್ನು.