ಸೆನೆಟ್‌ನಲ್ಲಿ ಮುರಿದ ಬೆತ್ತ (ಭಾಗ 4)

ಸ್ವೈಪ್ ಮಾಡೋ ಮುಂಚೆ ಮೊದಲನೇ ಚಿತ್ರ ಒಂದ್ಸಲ ಸರಿಯಾಗಿ ನೋಡಿ. ನೆಲಕ್ಕೆ ಕುಸಿದವನ ಕೈಯಲ್ಲಿ ಲೇಖನಿ ಇದೆ. ಅವನ ಮೇಲೆ ಬೆತ್ತ ಎತ್ತಿರೋನ ಮುಖ ಅವನದೇ ತೋಳಿಗೆ ಮರೆಯಾಗಿದೆ. ಹಿಂದೆ ನಿಂತ ಕೆಲವರು ನಗ್ತಿದ್ದಾರೆ. 1856ರಲ್ಲಿ ಜಾನ್ ಮಗೀ ಬರೆದ ವ್ಯಂಗ್ಯಚಿತ್ರ ಇದು. ಜಾಗ ಯಾವುದು ಗೊತ್ತಾ? ಅಮೆರಿಕದ ಸೆನೆಟ್, ಅಂದ್ರೆ ಅವರ ಮೇಲ್ಮನೆ.

ಅಲ್ಲಿಗೆ ಹೋಗೋಕೆ ಕಾನ್ಸಾಸ್ ದಾರಿಯಲ್ಲೇ ಹೋಗ್ಬೇಕು. 1820ರಲ್ಲಿ ಒಂದು ಒಪ್ಪಂದ ಆಗಿತ್ತು, ಭಾಗ 2ರಲ್ಲಿ ಓದಿದ್ರಿ: ಪಶ್ಚಿಮದ ಆ ಪ್ರದೇಶಗಳಲ್ಲಿ ನಕ್ಷೆ ಮೇಲೆ ಒಂದು ಗೆರೆ, ಅದರ ಉತ್ತರಕ್ಕೆ ಗುಲಾಮಗಿರಿ ಬೇಡ (ಮಿಸ್ಸೌರಿ ಬಿಟ್ಟು). 1854ರಲ್ಲಿ ಸೆನೆಟರ್ ಸ್ಟೀಫನ್ ಡಗ್ಲಸ್ ಮುಂದೆ ನಿಂತು ತಂದ ಕಾಯ್ದೆ ಆ ಗೆರೆಯನ್ನೇ ಅಳಿಸಿತು. ಕಾನ್ಸಾಸ್, ನೆಬ್ರಾಸ್ಕಾದಲ್ಲಿ ಗುಲಾಮಗಿರಿ ಇರಬೇಕೋ ಬೇಡವೋ ಅಂತ ಅಲ್ಲಿನ ನಿವಾಸಿಗಳೇ ತೀರ್ಮಾನ ಮಾಡಲಿ ಅಂದ್ರು. ಕೇಳೋಕೆ ಎಷ್ಟು ಪ್ರಜಾಪ್ರಭುತ್ವ ಅಲ್ವಾ? ಆದ್ರೆ ಯಾರು ಗುಲಾಮರಾಗಬೇಕೋ ಅವರಿಗೇ ವೋಟಿಲ್ಲ. ಡಗ್ಲಸ್‌ಗೆ ಇದು ವಿಚಿತ್ರ ಅನ್ನಿಸಲೇ ಇಲ್ಲ.

ಆಗ ಕಾನ್ಸಾಸ್‌ನಲ್ಲಿದ್ದ ಗುಲಾಮರು ಸುಮಾರು 200 ಜನ, ಅಷ್ಟೇ. ಅಷ್ಟಕ್ಕೆ ಇಡೀ ದೇಶ ಯಾಕೆ ಹೊಡೆದಾಡ್ತು? ಸೆನೆಟ್ ಸೀಟಿಗೆ. ಪ್ರತಿ ರಾಜ್ಯಕ್ಕೂ ಇಬ್ಬರು ಸೆನೆಟರ್‌ಗಳು. 1850ರಲ್ಲಿ ಕ್ಯಾಲಿಫೋರ್ನಿಯಾ ಸೇರಿದ ಮೇಲೆ ಗುಲಾಮಗಿರಿ ಇಲ್ಲದ ರಾಜ್ಯಗಳು 16, ಇದ್ದವು 15. ಇನ್ನೊಂದೆರಡು ರಾಜ್ಯ ಆ ಕಡೆ ಹೋದ್ರೆ ದಕ್ಷಿಣದವರು ಮೇಲ್ಮನೆಯಲ್ಲಿ ಯಾವ ಮಸೂದೆಯನ್ನೂ ತಡೆಯೋಕಾಗಲ್ಲ.

1855ರ ಮಾರ್ಚ್‌ನಲ್ಲಿ ಕಾನ್ಸಾಸ್ ಶಾಸನಸಭೆಗೆ ಚುನಾವಣೆ. ಜನಗಣತಿ ಪ್ರಕಾರ ಮತದಾರರು 2,905. ಬಿದ್ದ ಮತ 6,307! ಪಕ್ಕದ ಮಿಸ್ಸೌರಿಯಿಂದ ಬಂದೂಕು ಹಿಡ್ಕೊಂಡು ಗಡಿ ದಾಟಿ ಬಂದವರು ವೋಟು ಹಾಕಿ ವಾಪಸ್ ಹೋದ್ರು. ಹಾಗೆ ಗೆದ್ದ ಸಭೆ ಮಾಡಿದ ಕಾನೂನಂತೂ ಓದಿ ನಾನು ಎರಡು ಸಲ ಕಣ್ಣುಜ್ಜಿಕೊಂಡೆ. ಈ ಪ್ರದೇಶದಲ್ಲಿ ಗುಲಾಮರನ್ನು ಇಟ್ಟುಕೊಳ್ಳೋ ಹಕ್ಕು ಯಾರಿಗೂ ಇಲ್ಲ ಅಂತ ಬಾಯಲ್ಲಿ ಹೇಳಿದ್ರೂ, ಬರೆದ್ರೂ ಕನಿಷ್ಠ ಎರಡು ವರ್ಷ ಕಠಿಣ ಸಜೆ.

ಈಗ 1856ರ ಮೇ. ದಿನಾಂಕ ನೋಡ್ತಾ ಹೋಗಿ.

ಮೇ 19 ಮತ್ತು 20ರಂದು ಮ್ಯಾಸಚೂಸೆಟ್ಸ್‌ನ ಸೆನೆಟರ್ ಚಾರ್ಲ್ಸ್ ಸಮ್ನರ್ ಕಾನ್ಸಾಸ್ ಬಗ್ಗೆ ಭಾಷಣ ಮಾಡಿದ. ದಕ್ಷಿಣ ಕ್ಯಾರೊಲಿನಾದ ಸೆನೆಟರ್ ಆಂಡ್ರ್ಯೂ ಬಟ್ಲರ್ ಅವತ್ತು ಸಭೆಯಲ್ಲೇ ಇರಲಿಲ್ಲ. ಆ ಮುದುಕ ಗುಲಾಮಗಿರಿಯನ್ನೇ ಪ್ರೇಯಸಿ ಮಾಡ್ಕೊಂಡಿದ್ದಾನೆ ಅಂತ ಸಮ್ನರ್ ಹಂಗಿಸಿದ, ಅವನ ತೊದಲು ಮಾತನ್ನೂ ಆಡ್ಕೊಂಡ. ನನಗೆ ಸಮ್ನರ್ ಇಷ್ಟ, ಆದ್ರೆ ಆ ಮಾತು ಬೇಕಿರಲಿಲ್ಲ. ಮೇ 21ಕ್ಕೆ ಅತ್ತ ಕಾನ್ಸಾಸ್‌ನಲ್ಲಿ ಲಾರೆನ್ಸ್ ಅನ್ನೋ ಊರಿಗೆ ಗುಲಾಮಗಿರಿ ಪರ ಗುಂಪು ನುಗ್ಗಿ ಹೋಟೆಲ್ ಸುಟ್ಟು, ಪತ್ರಿಕೆಗಳ ಮುದ್ರಣಯಂತ್ರ ಒಡೆದು ಹಾಕ್ತು.

ಮೇ 22. ಬಟ್ಲರ್‌ನ ಸಂಬಂಧಿ, ಕೆಳಮನೆ ಸದಸ್ಯ ಪ್ರೆಸ್ಟನ್ ಬ್ರೂಕ್ಸ್, ಸೆನೆಟ್‌ಗೆ ಬಂದ. ಹೆಂಗಸರು ಹೊರಗೆ ಹೋಗೋ ತನಕ ಕಾದ. ಎಂಥ ಮರ್ಯಾದಸ್ಥ! ಸಮ್ನರ್ ಮೇಜಿನ ಮುಂದೆ ಕೂತು ತನ್ನ ಭಾಷಣದ ಪ್ರತಿಗಳನ್ನ ಅಂಚೆಗೆ ಸಿದ್ಧ ಮಾಡ್ತಿದ್ದ. ಬ್ರೂಕ್ಸ್ ಚಿನ್ನದ ಹಿಡಿಯ ಬೆತ್ತದಿಂದ ತಲೆಗೆ ಬಾರಿಸೋಕೆ ಶುರು ಮಾಡಿದ. ಮೇಜನ್ನ ನೆಲಕ್ಕೆ ಮೊಳೆ ಹೊಡೆದು ಕೂರಿಸಿದ್ರು, ಸಮ್ನರ್ ಕಾಲು ಅದರಡಿ ಸಿಕ್ಕಿಹಾಕ್ಕೊಂಡಿತ್ತು. ಏಳೋ ರಭಸಕ್ಕೆ ಮೇಜನ್ನೇ ಕಿತ್ತು, ರಕ್ತದಲ್ಲಿ ಕಣ್ಣು ಕಾಣದೆ ತೂರಾಡಿ ಬಿದ್ದ. ಬೆತ್ತ ಚೂರಾದ ಮೇಲೂ ಹೊಡೆತ ನಿಲ್ಲಲಿಲ್ಲ. ಬಿಡಿಸೋಕೆ ಬಂದವರನ್ನ ಬ್ರೂಕ್ಸ್‌ನ ಗೆಳೆಯ ಲಾರೆನ್ಸ್ ಕೀಟ್ ತಡೆದು ನಿಂತ.

ಮೇ 24ರ ರಾತ್ರಿ ಕಾನ್ಸಾಸ್‌ನ ಪೊಟವಾಟೊಮಿ ಹಳ್ಳದ ಹತ್ತಿರ ಜಾನ್ ಬ್ರೌನ್‌ನ ಗುಂಪು ಗುಲಾಮಗಿರಿ ಪರ ಐದು ಜನರನ್ನ ಮನೆಯಿಂದ ಎಳೆದು ತಂದು ಕತ್ತಿಯಿಂದ ಕೊಂದಿತು. ಗುಲಾಮಗಿರಿ ವಿರೋಧಿಗಳೆಲ್ಲ ಸಾಧುಗಳು ಅಂದ್ಕೊಂಡಿದ್ರೆ ಇದನ್ನೂ ನೆನಪಿಟ್ಕೊಳ್ಳಿ.

ಬ್ರೂಕ್ಸ್‌ಗೆ ಏನಾಯ್ತು? 300 ಡಾಲರ್ ದಂಡ. ಸದನದಿಂದ ಉಚ್ಚಾಟನೆಗೆ 121 ಮತ ಪರ, 95 ವಿರುದ್ಧ. ಮೂರನೇ ಎರಡರಷ್ಟು ಬೇಕಿತ್ತು, ಬರಲಿಲ್ಲ. ಅವನೇ ರಾಜೀನಾಮೆ ಕೊಟ್ಟು ಊರಿಗೆ ಹೋದ, ಅದೇ ಸೀಟಿಗೆ ಮತ್ತೆ ಗೆದ್ದು ಬಂದ. ದಕ್ಷಿಣದ ಜನ ಅವನಿಗೆ ಹೊಸ ಬೆತ್ತಗಳನ್ನ ಉಡುಗೊರೆ ಕಳಿಸಿದ್ರು. ಮುರಿದ ಚೂರುಗಳನ್ನ ಪವಿತ್ರ ವಸ್ತು ಥರ ಜನ ಕೇಳ್ತಿದ್ದಾರೆ ಅಂತ ಅವನೇ ತಮ್ಮನಿಗೆ ಬರೆದ ಕಾಗದ ಇದೆ. 1857ರ ಜನವರಿಯಲ್ಲಿ ಅವನು ತೀರಿಕೊಂಡ.

ಅದೇ ತಿಂಗಳು ಮ್ಯಾಸಚೂಸೆಟ್ಸ್ ಸಮ್ನರ್‌ನನ್ನ ಮತ್ತೆ ಆಯ್ಕೆ ಮಾಡ್ತು, ಆದ್ರೆ ಅವನಿಗೆ ಕೆಲಸ ಮಾಡೋಕೆ ಆಗ್ತಿರಲಿಲ್ಲ. 1859ರ ಡಿಸೆಂಬರ್‌ವರೆಗೂ ಆ ಕುರ್ಚಿ ಹೆಚ್ಚುಕಮ್ಮಿ ಖಾಲಿ. ಖಾಲಿ ಕುರ್ಚಿ ನೋಡಿದವರಿಗೆ ಬೇರೆ ಭಾಷಣ ಬೇಕಿರಲಿಲ್ಲ. ಆಗಷ್ಟೇ ಹುಟ್ಟಿದ್ದ ರಿಪಬ್ಲಿಕನ್ ಪಕ್ಷಕ್ಕೆ ಉತ್ತರದಲ್ಲಿ ಜನ ಸೇರಿದ್ದು ಕಾನ್ಸಾಸ್‌ನ ರಕ್ತ, ಸಮ್ನರ್‌ನ ರಕ್ತ ಎರಡನ್ನೂ ನೋಡಿ.

ನಮ್ಮ ಕ್ಲಾಸಲ್ಲಿ ‘ಅಂತರ್ಯುದ್ಧಕ್ಕೆ ಕಾರಣಗಳೇನು, 5 ಅಂಕ’ ಅಂತ ಬಂದಾಗ ‘ರಾಜ್ಯಗಳ ಹಕ್ಕು’ ಅಂತ ಬರೆದು ಮುಗಿಸಿದ್ವಿ, ನೆನಪಿದ್ಯಾ? ಯಾವುದರ ಹಕ್ಕು ಅಂತ ನಾವ್ಯಾರೂ ಕೇಳಲಿಲ್ಲ. 1860ರ ಜನಗಣತಿಯಲ್ಲಿ ಗುಲಾಮರು ಅಂತ ಲೆಕ್ಕ ಹಾಕಿದ್ದು ಸುಮಾರು 39 ಲಕ್ಷ 50 ಸಾವಿರ ಜನರನ್ನ. ಅದೇ ವರ್ಷದ ಡಿಸೆಂಬರ್ 20ಕ್ಕೆ ಮೊದಲು ಒಕ್ಕೂಟ ಬಿಟ್ಟು ಹೋದ ರಾಜ್ಯ ಬ್ರೂಕ್ಸ್‌ನ ದಕ್ಷಿಣ ಕ್ಯಾರೊಲಿನಾ.

ಭಾಗ 5 ಹತ್ತಿಯದ್ದು: ಯುದ್ಧದಲ್ಲಿ ಅಮೆರಿಕದ ಹತ್ತಿ ಇಂಗ್ಲೆಂಡಿಗೆ ಹೋಗೋದು ನಿಂತಾಗ ನಮ್ಮ ಧಾರವಾಡ ಸೀಮೆಯ ರೈತರಿಗೆ ಏನಾಯ್ತು ಅಂತ.